ಸುಕ್ಕು ಬಿಡಿಸುವ ಸೂಜಿ

ನನ್ನ ಪಾರ್ಲರಿಗೆ ಅಜ್ಜಿಯರಾಗಿ ಬಂದವರು ಮೊಮ್ಮಕ್ಕಳಿಗೆ ತಂಗಿಯರಾಗಿ ಹೊರಗೆ ಹೋಗುತ್ತಾರೆ. ಊರಿನ ಅರ್ಧ ಗಂಡಂದಿರಿಗೆ ಈಗ ಹೆಂಡತಿಯ ಗುರುತೇ ಸಿಗುವುದಿಲ್ಲ.

ಮಗಳ ಮದುವೆಗೆ ಹತ್ತು ದಿನವಿದ್ದಾಗ ಅಂಬುಜಾಕ್ಷಿ ಬಂದರು. "ಮುಖದ ಚರ್ಮ ಎಳೆದು ಬಿಗಿ ಮಾಡೋ ಆಪರೇಷನ್ ಮಾಡಿಸ್ಕೊಳ್ಳೋಣ ಅಂತಿದೀನಿ."

"ಆರು ಲಕ್ಷ ಕೊಟ್ಟು ಕಿವಿ ಹಿಂದೆ ಕೊಯ್ಸ್ಕೊತೀರಾ? ನರಕ್ಕೆ ಕತ್ತರಿ ತಾಗಿದ್ರೆ ಮದುವೆ ಫೋಟೋದಲ್ಲಿ ಸೊಟ್ಟ ಬಾಯಿ! ನನ್ನದು ನಾಲ್ಕೇ ಸೂಜಿ, ಹತ್ತೇ ನಿಮಿಷ."

"ನಂಗೆ ಬಿಪಿ ಬೇರೆ ಇದೆ ಕಣಮ್ಮ."

"ಬಿಪಿ ಇಲ್ಲದ ಮದುವೆ ಹುಡುಗಿ ತಾಯಿ ಯಾರಿದ್ದಾರೆ ಹೇಳಿ!"

ಸೂಜಿ ಹಾಕಿಸಿಕೊಂಡು ಹೋದ ಮೂರನೆಯ ದಿನ ಬೆಳಿಗ್ಗೆ ಅವರ ಯಜಮಾನರು ಫೋನ್ ಮಾಡಿದರು. "ಇವಳ ಬಾಯಿ ಒಂದು ಕಡೆ ಜೋತುಬಿದ್ದಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ?"

ಇಂಥ ಸಾವಿರ ಬಾಯಿ ನೋಡಿದವಳು ನಾನು. "ಔಷಧಿ ಕೂರುವಾಗ ಹಾಗೇ ಸಾರ್. ಆಸ್ಪತ್ರೆಯವರು ಸುಮ್ನೆ ಹೆದರಿಸ್ತಾರೆ. ಮಲಗಿಸಿ, ಸಂಜೆಗೆ ಅಪ್ಸರೆ ಥರ ಎದ್ದು ಬರ್ತಾರೆ."

ಸಂಜೆ ಅವರೇ ಮತ್ತೆ ಫೋನ್ ಮಾಡಿದರು.

"ಮೇಡಂ, ನೀವು ಬಲಗೈಗೂ ಸೂಜಿ ಹಾಕಿದ್ರಾ? ಬೆಳಿಗ್ಗೆಯಿಂದ ಅದನ್ನೂ ಎತ್ತೋಕಾಗ್ತಿಲ್ಲ ಅವಳಿಗೆ."