ಹುಣ್ಣಿಮೆ ಪ್ರಬಂಧದ ವೈವಾ

ಮುದುಕಿಯ ತುಟಿ ಮತ್ತೆ ಅಲುಗಿತು.

ಡೀನ್ ಸೆಪ್ಟಿಮಿಯು ಬಲಾನೆಸ್ಕು ಕಣ್ಣು ಕಿರಿದು ಮಾಡಿ ನೋಡಿದರು. ಸಂಶಯವೇ ಇಲ್ಲ. ಪಿಎಚ್‌ಡಿ ವೈವಾಕ್ಕೆ ನಿಂತಿದ್ದ ತಿಬೇರಿಯು ಹಿಂಕು ಒಂದು ವಾಕ್ಯ ಶುರುಮಾಡಿದರೆ ಸಾಕು, ಕೊನೆಯ ಬೆಂಚಿನ ಎಫ್ರೊಸೀನಾ ಅಜ್ಜಿ ಅದನ್ನು ಅವನಿಗಿಂತ ಮೊದಲೇ ಬಾಯೊಳಗೆ ಮುಗಿಸಿಬಿಡುತ್ತಿದ್ದಳು.

ಮೂವತ್ತು ವರ್ಷಗಳಿಂದ ಅವಳು ಒಂದು ವೈವಾವನ್ನೂ ತಪ್ಪಿಸಿದವಳಲ್ಲ. ರೊಮೇನಿಯಾದ ಆ ವಿಶ್ವವಿದ್ಯಾಲಯದಲ್ಲಿ ವೈವಾದ ದಿನ ಬಾಗಿಲು ತೆರೆದೇ ಇರುತ್ತದೆ. ಯಾರು ಬೇಕಾದರೂ ಬರಬಹುದು, ಪ್ರಶ್ನೆ ಕೇಳಬಹುದು, ಆಮೇಲೆ ಅಭ್ಯರ್ಥಿ ಹಾಕಿಸುವ ಊಟ ಉಣ್ಣಬಹುದು. ಪಾಪದ ಮುದುಕಿ, ಕೋಸಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾಲೆಯ ಆಸೆಗೆ ಬರುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಈಗ ಡೀನ್ ಹಾಗೆ ಅಂದುಕೊಳ್ಳಲಿಲ್ಲ.

ಸೋಮವಾರ ಕುಲಪತಿ ಚುನಾವಣೆ. ಡೀನ್ ಕೊಟ್ಟಿದ್ದ ಭರವಸೆ ಒಂದೇ: ಮಂದಿಗೆ ಥೀಸಿಸ್ ಬರೆದುಕೊಡುವ ಕಳ್ಳ ಕೈಯನ್ನು ಹಿಡಿದು ತೋರಿಸುತ್ತೇನೆ. ಹಿಡಿದರೆ ಕುರ್ಚಿ, ಇಲ್ಲದಿದ್ದರೆ ನಗೆಪಾಟಲು. ಹೋದಲ್ಲೆಲ್ಲ ಎರಡು ಬೆರಳೆತ್ತಿ ಹೇಳುತ್ತಿದ್ದರು: “ನನ್ನ ಥೀಸಿಸ್ಸಿನ ಒಂದೊಂದಕ್ಷರಾನೂ ಈ ಬೆರಳೇ ಟೈಪ್ ಕುಟ್ಟಿದ್ದು ಕಣ್ರೀ! ನಾನೂರು ಪುಟ. ಮೂರೇ ವಾರ!”

ಹಿಂಕು ಜಿಲ್ಲಾಧ್ಯಕ್ಷರ ಬಾಮೈದ, ಐವತ್ತು ದಾಟಿದ ಗಂಡಸು. ಹುಣ್ಣಿಮೆಯ ದಿನ ನ್ಯಾಯಾಧೀಶರು ಶಿಕ್ಷೆ ಜಾಸ್ತಿ ಕೊಡುತ್ತಾರೆಯೇ, ಮೇಷ್ಟ್ರುಗಳು ಅಂಕ ಕಡಿಮೆ ಹಾಕುತ್ತಾರೆಯೇ, ಹೌದಾದರೆ ಆಗ ಅವರ ಮಿದುಳಿಗೆ ಏನಾಗಿರುತ್ತದೆ ಎಂಬುದು ಅವನ ವಿಷಯ. ಹೀಗಾಗಿ ಸಮಿತಿಯಲ್ಲಿ ಐದು ವಿಭಾಗದ ಐವರು: ಕಾನೂನು, ಶಿಕ್ಷಣ, ಮಿದುಳು ವಿಜ್ಞಾನ, ಸಂಖ್ಯಾಶಾಸ್ತ್ರ, ಖಗೋಳ. ಐವರ ಮೂಗೂ ಪಕ್ಕದ ಕೋಣೆಯ ಊಟದ ಕಡೆಗಿತ್ತು.

“ಸಾರ್ವಜನಿಕರಿಂದ ಪ್ರಶ್ನೆ ಏನಾದ್ರೂ?” ಎಂದರು ಕಾನೂನು ಪ್ರೊಫೆಸರ್, ಫೈಲು ಮುಚ್ಚುತ್ತಲೇ.

“ಇದೆ,” ಎಂದು ಡೀನ್ ಎದ್ದರು. “ಹಿಂಕು ಅವರೇ, ನೂರ ಹನ್ನೆರಡನೇ ಪುಟದ ಕೋಷ್ಟಕ. ಆ ಲೆಕ್ಕ ಪೂರ್ತಿ ತಪ್ಪು.”

ಲೆಕ್ಕ ಸರಿಯಾಗಿಯೇ ಇತ್ತು. ಅದು ಡೀನ್‌ಗೂ ಗೊತ್ತಿತ್ತು. ಗೊತ್ತಿಲ್ಲದವನು ಹಿಂಕು ಒಬ್ಬನೇ.

“ಹೌದಾ ಸರ್? ಇರಬಹುದು ಸರ್. ತಪ್ಪಾಯ್ತು ಸರ್.”

“ಇದನ್ನ ಬರೆದೋರು ಶುದ್ಧ ಕತ್ತೆ ಇರಬೇಕು,” ಎಂದರು ಡೀನ್, ಕೊನೆಯ ಬೆಂಚಿನ ಕಡೆ ತಿರುಗಿ.

ಬೆಂಚು ಕಿರ್ರೆಂದಿತು. ಮುದುಕಿ ಎದ್ದು ನಿಂತಿದ್ದಳು.

“ಯಾರನ್ನ ಕತ್ತೆ ಅಂತೀರಿ? ಕನ್ನಡಕ ಹಾಕ್ಕೊಂಡು ಕೆಳಗಿನ ಅಡಿಟಿಪ್ಪಣಿ ಓದಿ! ಗ್ರಹಣದ ದಿನಗಳನ್ನ ಬಿಟ್ಟು ಲೆಕ್ಕ ಹಾಕಿದೆ ಅಂತ ಬರೆದಿಲ್ವಾ? ಆರು ತಿಂಗಳು ಒದ್ದಾಡಿದೀನಿ ಆ ಕೋಷ್ಟಕಕ್ಕೆ!”

ಜೈಲಿಗೆ ಹೆದರುವ ಸಂಶೋಧಕರಿದ್ದಾರೆ. ಆದರೆ ಸರಿಯಾದ ಲೆಕ್ಕವನ್ನು ತಪ್ಪೆಂದರೆ ಬಾಯಿ ಮುಚ್ಚಿಕೊಂಡಿರುವವರು ಇನ್ನೂ ಹುಟ್ಟಿಲ್ಲ.

“ಒದ್ದಾಡಿದ್ದು ಯಾರಜ್ಜಿ?” ಡೀನ್ ಮೆಲ್ಲಗೆ ಕೇಳಿದರು.

“ಇನ್ಯಾರು, ಇವನಾ? ಚಂದ್ರ ಯಾವ ದಿಕ್ಕಲ್ಲಿ ಹುಟ್ತಾನೆ ಅಂತಾನೂ ಇವನಿಗೆ ಗೊತ್ತಿಲ್ಲ.”

ಹಿಂಕು ಹೌದೆಂದು ತಲೆಯಾಡಿಸಿದ.

ಡೀನ್ ಅಲ್ಲೇ ಒಂದು ಹೇಳಿಕೆ ಬರೆದರು. ಸಮಿತಿಯ ಸಹಿ ಬಿದ್ದರೆ ಮುದುಕಿ ಪೊಲೀಸರ ಪಾಲು, ಕುರ್ಚಿ ತನ್ನ ಪಾಲು. ಕಾಗದವನ್ನು ಮೇಜಿನ ಮೇಲೆ ತಳ್ಳಿದರು.

ಕಾನೂನಿನವರ ಪೆನ್ನಿನಲ್ಲಿ ಇಂಕು ಮುಗಿದಿತ್ತು. ಶಿಕ್ಷಣದವರು ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು, ಅದು ಅವರ ಮೂಗಿನ ಮೇಲೇ ಇತ್ತು. ಮಿದುಳಿನವರಿಗೆ ತಲೆ ಸುತ್ತಿತು. “ಒಂದೇ ಒಂದು ಪ್ರಕರಣ. ಸ್ಯಾಂಪಲ್ ಸಾಲದು,” ಎಂದರು ಸಂಖ್ಯಾಶಾಸ್ತ್ರದವರು. ಖಗೋಳದವರು ಸೂರು ನೋಡುತ್ತಾ ಕೂತರು.

ಡೀನ್ ಒಬ್ಬೊಬ್ಬರ ಮುಖವನ್ನೂ ನೋಡಿದರು. “ಏನ್ರಯ್ಯಾ, ನಿಮ್ಮ ಥೀಸಿಸ್ಸೂ ಈ ಅಜ್ಜೀದೇನಾ?”

“ಆಗ ಮನೇಲಿ ಸ್ವಲ್ಪ ತಾಪತ್ರಯ ಇತ್ತು ಸೆಪ್ಟಿಮಿಯು,” ಎಂದರು ಕಾನೂನಿನವರು.

“ನಿಮ್ಮದೇನು ಬಿಡಿ, ಬರೀ ಬಾಯಿಮಾತು,” ಎಂದಳು ಮುದುಕಿ. “ಖಗೋಳದವರದ್ದು ಬರೆಯೋಷ್ಟ್ರಲ್ಲಿ ನನ್ನ ಕತ್ತೇ ಹಿಡ್ಕೊಂಡುಬಿಟ್ಟಿತ್ತು.”

ಡೀನ್‌ಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಐವರಲ್ಲಿ ಮೂವರು ಅದೇ ಕುರ್ಚಿಗೆ ನಿಂತ ಎದುರಾಳಿಗಳು! ಒಂದೇ ಬಲೆಗೆ ಇಡೀ ಕೆರೆಯ ಮೀನು. ಕಾಗದವನ್ನು ಎಳೆದುಕೊಂಡು ದೊಡ್ಡದಾಗಿ ಸಹಿ ಹಾಕಿದರು.

“ಈ ಕಟ್ಟಡದಲ್ಲಿ ಶುದ್ಧವಾದ ಸಹಿ ಇದೊಂದೇ. ಹೇಳಜ್ಜಿ, ಎಲ್ಲರಿಗೂ ಕೇಳೋ ಹಾಗೆ ಹೇಳು. ನನ್ನ ಥೀಸಿಸ್ ಬರೆದುಕೊಟ್ಟವಳು ನೀನಾ?”

ಐದು ಕತ್ತುಗಳು ಆಸೆಯಿಂದ ಮುದುಕಿಯ ಕಡೆ ಚಾಚಿದವು.

“ದೇವರಾಣೆ ಇಲ್ಲ ಸ್ವಾಮಿ. ನಿಮಗೆ ನಾನು ಒಂದಕ್ಷರಾನೂ ಬರ್ಕೊಟ್ಟಿಲ್ಲ.”

ಕತ್ತುಗಳು ಬಾಡಿದವು. ಡೀನ್ ಮೇಜು ಗುದ್ದಿ, ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದ ಗುಮಾಸ್ತೆಗೆ ಕೂಗಿದರು: “ಬರ್ಕೊಳ್ಳಮ್ಮಾ! ಅಜ್ಜಿ ಆಡೋ ಒಂದೊಂದು ಮಾತೂ ಬರ್ಕೊ! ಒಂದೂ ಬಿಡಬೇಡ!”

ಗುಮಾಸ್ತೆ ಬರೆದುಕೊಂಡಳು. ಅಜ್ಜಿಯ ಮುಂದಿನ ಮಾತನ್ನೂ ಬಿಡಲಿಲ್ಲ.

“ನಾನು ಬರ್ಕೊಟ್ಟಿದ್ದು ಕ್ಲೂಜ್ ಊರಿನ ಒಬ್ಬ ವಕೀಲರಿಗೆ. ಅದನ್ನ ನೀವು ಹಾಗ್‌ಹಾಗೇ ಇಳಿಸ್ಕೊಂಡ್ರಿ, ಅವರು ತಮ್ಮ ಹೆಂಡ್ತಿಗೆ ಹೇಳಿದ್ದ ಕೃತಜ್ಞತೆ ಸಮೇತ.”