ಮೊಣಕಾಲೆತ್ತರದ ದಾರ

ಪಕ್ಕದ ಮನೆಯ ಸೌನಾದ ಹಬೆಕೋಣೆಯ ಬಾಗಿಲು ತೆರೆದದ್ದೇ ಹೆಲ್ವಿ ಹೆಣಿಗೆ ನಿಲ್ಲಿಸಿದಳು. ಹಬೆಯೊಳಗಿಂದ ರೈಮೊ ತನ್ನ ಹೊಸ ಬೀಗರನ್ನು ಕರೆದುಕೊಂಡು, ಟವೆಲ್ ಸುತ್ತಿ, ಬರಿಗಾಲಲ್ಲೇ ಸರೋವರದತ್ತ ಓಡಿದ. ನಾಲ್ಕು ಹೆಜ್ಜೆಗೇ ಇಬ್ಬರೂ ನಿಂತುಬಿಟ್ಟರು.

ಬೇಲಿಯಾಚೆಯಿಂದ ಇವಳ ಹುಲ್ಲಿಗೆ ಬ್ರೆಡ್ ಎಸೆದು ಕಾಡು ಹೆಬ್ಬಾತುಗಳಿಗೆ ಅಲ್ಲಿಗೆ ಬರುವ ರೂಢಿ ಮಾಡಿಸಿದವನೇ ರೈಮೊ. ಅಂಗಳವೆಲ್ಲ ಹಿಕ್ಕೆಯಾದಾಗ, "ಗೊಬ್ಬರ ಆಗುತ್ತೆ ಬಿಡಕ್ಕ" ಎಂದು ನಕ್ಕಿದ್ದ. ಇಂದು ಹೆಲ್ವಿ ತನ್ನ ದಡದುದ್ದಕ್ಕೂ ಮೊಣಕಾಲೆತ್ತರಕ್ಕೆ ದಾರ ಬಿಗಿದಿದ್ದಳು. ಮರಿ ಕಟ್ಟಿಕೊಂಡು ನಡೆದುಬರುವ ಹೆಬ್ಬಾತು ದಾರ ದಾಟುವುದಿಲ್ಲ. ಇವರು ಒಳಗೆ ಬೆವರು ಸುರಿಸುವಷ್ಟರಲ್ಲಿ ಇಡೀ ಹಿಂಡು ರೈಮೊನ ಅಂಗಳ ಮೇದುಹೋಗಿತ್ತು.

ಬೀಗರು ಒಂಟಿಕಾಲಲ್ಲಿ ನಿಂತು ಅಂಗಾಲು ನೋಡಿಕೊಂಡರು.

"ದಾರ ಬಿಚ್ಚಕ್ಕ, ನಿನ್ ಕಡೆಯಿಂದ ನೀರಿಗಿಳೀತೀವಿ," ಎಂದ ರೈಮೊ.

ಹೆಲ್ವಿ ಹೆಣಿಗೆ ಕಡ್ಡಿ ಎತ್ತಿಕೊಂಡಳು. "ಗೊಬ್ಬರ ಕಣೋ. ಬೇರು ಬಿಡೋವರೆಗೂ ಅಲ್ಲೇ ನಿಂತಿರು."