ಖೊಟ್ಟಿ ಬ್ಯಾಟರಿ

ಅಂಗಡಿಯ ಮುಂದೆ ಉದುರಿದ್ದ ಗುಲಾಬಿ ಎಸಳುಗಳನ್ನು ಸಿಕಂದರ್ ಗುಡಿಸುತ್ತಿದ್ದ. ದರ್ಗಾದ ಹೂವಿನಂಗಡಿಗಳಿಂದ ಗಾಳಿ ತಂದು ಸುರಿಯುವ ದಿನದ ಕಸ ಅದು. ಹೊತ್ತು ಮುಳುಗಿತ್ತು. ಪೊರಕೆಯ ತುದಿಗೆ ಖಾಕಿ ಪ್ಯಾಂಟಿನ ಎರಡು ಕಾಲು ಬಂದು ನಿಂತವು. ಪೊಲೀಸರೇ ಎಂದುಕೊಂಡು ಸಿಕಂದರ್ ಪೊರಕೆ ಕೆಳಗಿಟ್ಟ.

“ನಾ ಯಂಕಪ್ಪರೀ. ನಿಮ್ಮ ಬ್ಯಾಟರಿ ಖೊಟ್ಟಿ ಅದ.”

ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಫೋನಿನ ‘ದೂರದ ಬೆಳಕು’ ಗುಂಪಿನಲ್ಲಿ ಅವನೂ ಒಬ್ಬ. ಟಾರ್ಚಿನ ಹುಚ್ಚು ಹತ್ತಿದ ಐವತ್ತು ಮಂದಿಯ ಗುಂಪು. ಒಂದು ಕಿಲೋಮೀಟರ್ ಆಚೆಗೂ ಬೆಳಕು ಎಸೆಯುವ ಟಾರ್ಚನ್ನು, ಅವರ ಮಾತಿನಲ್ಲಿ ಬ್ಯಾಟರಿಯನ್ನು, ಎಲ್ಲರೂ ಕೂಡಿ ಒಂದೇ ಸಲಕ್ಕೆ ತರಿಸಿದ್ದರು. ಕಂಪನಿಯೊಡನೆ ಮಾತಾಡಿ ತರಿಸಿಕೊಟ್ಟವನು ಸಿಕಂದರ್. ಮಾಲಿಗೆ ನಾನು ಜವಾಬ್ದಾರ ಎಂದು ಗುಂಪಿನಲ್ಲಿ ಬರೆದವನೂ ಅವನೇ. ಕಲಬುರಗಿಯ ರೋಜಾ ಬಡಾವಣೆಯಲ್ಲಿ ಇಪ್ಪತ್ತು ವರ್ಷ ಗಡಿಯಾರ, ಟಾರ್ಚು ರಿಪೇರಿ ಮಾಡಿ ಅವನು ಗಳಿಸಿದ್ದೆಂದರೆ ಆ ಮಾತಿನ ತೂಕ ಒಂದೇ.

“ಉಳಿದವರು ಯಾರೂ ಚಕಾರ ಎತ್ತಿಲ್ಲ ಭಾಯಿ. ನಿಮಗೊಬ್ಬರಿಗೆ ಏನ್ ಖೊಟ್ಟಿ?”

“ಮಬ್ಬು ಬೀಳ್ತದ. ಹತ್ತು ಮಾರು ಆಚೆ ಎಮ್ಮಿ ನಿಂತ್ರೂ ಕಾಣವಲ್ದು.”

ಸಿಕಂದರ್ ಚಹಾ ತರಿಸಿ ಮುಂದಿಟ್ಟ. ಯಂಕಪ್ಪ ಕೈ ಚಾಚಿದ. ಕಪ್ಪು ಉರುಳಿತು. ಬೇಕಂತಲೇ ಉರುಳಿಸಿದ ಎನ್ನಿಸಿತು ಸಿಕಂದರನಿಗೆ.

“ನನ್ನ ನಂಬಿ ಹಿಂದ ಐವತ್ತು ಮಂದಿ ಕುಂತಾರ, ಸಿಕಂದರಭಾಯಿ. ಬೆಳಕಿನ ಮಾತಿನಾಗ ಚಾಷ್ಟಿ ಬ್ಯಾಡ.” ಯಂಕಪ್ಪ ಎದೆಯ ಜೇಬು ಮುಟ್ಟಿಕೊಂಡ. ಲಕೋಟೆಯ ತುದಿ ಇಣುಕಿತು. “ಟಪಾಲ ಬರದಿಟ್ಟೀನಿ. ಹಾಕೋದೊಂದ ಬಾಕಿ ಅದ.”

ಗುಂಪೆಲ್ಲ ಇವನ ಬೆನ್ನಿಗಿದೆ! ಜೇಬಿನಲ್ಲಿರುವುದು ತನ್ನ ಮೇಲಿನ ದೂರೇ ಎಂದುಕೊಂಡ ಸಿಕಂದರ್. ಅವನ ಕಣ್ಣು ಲಕೋಟೆಯ ಮೇಲೇ ಇತ್ತು. ಅದರ ಅಂಚು ಬೆವರು ಕುಡಿದು ಅರಿವೆಯಂತೆ ಮೆತ್ತಗಾಗಿತ್ತು. ಬ್ಯಾಟರಿ ಬಂದು ಇನ್ನೂ ಇಪ್ಪತ್ತು ದಿನ.

ಗುಂಪಿನ ಹಿರಿಯ ಗುರುಲಿಂಗಪ್ಪ ಫೋನಿನಲ್ಲೇ ಪಂಚಾಯಿತಿ ಮುಗಿಸಿದ. ಆದಿತ್ಯವಾರ ದೀಪ ಹಚ್ಚುವ ಹೊತ್ತಿಗೆ ಕಮಲಾಪುರದ ತನ್ನ ಬಾಳೆತೋಟದಲ್ಲಿ ಪರೀಕ್ಷೆ. ಮಾಲು ಖೊಟ್ಟಿ ಎಂದಾದರೆ ಐವತ್ತೂ ವಾಪಸು, ಸಿಕಂದರ್ ಗುಂಪಿನಿಂದ ಹೊರಗೆ.

ಇಬ್ಬರೂ ಒಂದೇ ಬಸ್ಸು ಹತ್ತಿದರು. ಕಂಡಕ್ಟರ್ ಸಿಕಂದರನಿಗೆ ಟಿಕೆಟ್ ಹರಿದುಕೊಟ್ಟ. ಯಂಕಪ್ಪನಿಗೆ ಬರೀ ನಮಸ್ಕಾರ ಹಾಕಿ ಮುಂದೆ ಹೋದ. ಪೊಲೀಸನೇ, ಸಂಶಯವಿಲ್ಲ. ತಿರುವು ಬಂದಾಗಲೆಲ್ಲ ಯಂಕಪ್ಪ ಬಲಗಾಲಿನಿಂದ ನೆಲ ಒತ್ತುತ್ತಿದ್ದ. ಸಿಟ್ಟಿನ್ನೂ ಇಳಿದಿಲ್ಲ, ಅಂದುಕೊಂಡ ಸಿಕಂದರ್.

ತೋಟದ ಆಚೆ ತುದಿಯ ಬಾವಿಕಟ್ಟೆಗೆ ಗುರುಲಿಂಗಪ್ಪ ಒಂದು ಮೊರ ನಿಲ್ಲಿಸಿದ್ದ. ಅದರ ಮೇಲೆ ಸುಣ್ಣದಲ್ಲಿ ಒಂದು ಅಂಕಿ. ಕೆಂಪು ಬಾಳೆಯ ಗೊನೆಗಳು ಕಪ್ಪಾಗುವವರೆಗೆ ಎಲ್ಲರೂ ಕಾದರು.

“ಸೆಲ್ ನೋಡ್ತೀನಿ, ಕೊಡ್ರಿ,” ಎಂದು ಸಿಕಂದರ್ ಯಂಕಪ್ಪನ ಬ್ಯಾಟರಿ ಇಸಿದುಕೊಂಡ. ತಿರುಗಿ ಕೊಡುವಾಗ ತನ್ನದನ್ನು ಕೊಟ್ಟ. ಎರಡೂ ಒಂದೇ ಅಚ್ಚು. ಯಂಕಪ್ಪನಿಗೆ ಗೊತ್ತಾಗಲಿಲ್ಲ.

ಯಂಕಪ್ಪ ಗುಂಡಿ ಒತ್ತಿದ. ತೋಟದ ಮೇಲೆ ಬೆಳಕು ಬೆತ್ತದಂತೆ ನೆಟ್ಟಗೆ ಹೋಯಿತು.

“ನೋಡ್ರಿ, ಅದೇ ಮಬ್ಬು. ಮೊರಾನೇ ಕಾಣವಲ್ದು.”

“ಎಂಟು ಬರದೀನಲ್ಲೋ ಮಾರಾಯಾ! ನಿಚ್ಚಳ ಕಾಣಾಕತ್ತದ,” ಎಂದ ಗುರುಲಿಂಗಪ್ಪ.

ಸಿಕಂದರ್ ಇದಕ್ಕೇ ಕಾದಿದ್ದ. “ಅವರ ಕೈಯಾಗಿರೋದು ನನ್ನ ಬ್ಯಾಟರಿ! ಅವರದು ಇಲ್ಲಿ ಅದ, ನೋಡ್ರಿ.” ಖೊಟ್ಟಿ ಎನ್ನಿಸಿಕೊಂಡಿದ್ದ ಬ್ಯಾಟರಿ ಹಚ್ಚಿದ. ಅದೇ ಎಂಟು, ಅಷ್ಟೇ ನಿಚ್ಚಳ.

ಗುರುಲಿಂಗಪ್ಪನ ಹೆಂಡತಿ ಗುಂಡಮ್ಮ ಸೆರಗು ಬಾಯಿಗೊತ್ತಿ ನಕ್ಕಳು. “ಯಂಕಪ್ಪಣ್ಣಾ, ಸುಳ್ಳು ಹೇಳೋದಾದ್ರ ಮೊದಲು ಬ್ಯಾಟರಿ ಯಾರದು ಅಂತ ನೋಡ್ಬೇಕ್ರೀ!”

ಯಂಕಪ್ಪ ನಗಲಿಲ್ಲ, ರೇಗಲಿಲ್ಲ. “ಎರಡೂ ಸರಿ ಅದಾವ? ಖರೇನ?”

“ಖುದಾನ ಆಣೆ,” ಎಂದ ಸಿಕಂದರ್.

“ಹಂಗಾದ್ರ ತಪ್ಪು ಬ್ಯಾಟರೀದಲ್ಲ.” ಜೇಬಿನ ಮೇಲೆ ಕೈ ಇಟ್ಟುಕೊಂಡ. “ಇನ್ನ ಇದನ್ನ ಇಟ್ಟುಕೊಳ್ಳೋದು ಪಾಪ. ಈಗಿಂದೀಗ ಹಾಕಬೇಕು.”

ಮಾಲು ಸರಿಯಿದ್ದರೂ ಮಾರಿದವನನ್ನು ಬಿಡುವುದಿಲ್ಲವೇ! ಸಿಕಂದರನ ಮೈ ಉರಿಯಿತು. ಆದರೂ ಯಂಕಪ್ಪನ ಬೆನ್ನು ಬಿಡಲಿಲ್ಲ. ತೋಟದ ಬದುವಿನಲ್ಲಿ ಯಂಕಪ್ಪ ಎರಡು ಸಲ ಮುಗ್ಗರಿಸಿದ. ಎರಡು ಸಲವೂ ಸಿಕಂದರನ ತೋಳು ಹಿಡಿದುಕೊಂಡ. ಆ ಹಿಡಿತ ಪೊಲೀಸನದಂತಿರಲಿಲ್ಲ.

ಊರೊಳಗೆ ಅಂಚೆ ಕಚೇರಿಯ ಬಾಗಿಲು ಮುಚ್ಚಿತ್ತು. ಕೆಂಪು ಡಬ್ಬಿ ಕಣ್ಣೆದುರಿಗೇ ತೂಗುತ್ತಿತ್ತು. ಯಂಕಪ್ಪನ ಕೈ ತಗಡಿನ ಮೇಲೆ ಮೇಲೂ ಕೆಳಗೂ ಅಲೆದು, ಡಬ್ಬಿಯ ಬಾಯಿ ಸಿಗದೆ ನಿಂತಿತು.

“ನೀವೇ ಹಾಕ್ರಿ, ಭಾಯಿ. ಬರದು ಮೂರು ತಿಂಗಳಾತು. ಇವತ್ತ ಧೈರ್ಯ ಬಂದದ.”

ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳಬೇಕೆ? ಲಕೋಟೆಯನ್ನು ಹರಿದು ಚರಂಡಿಗೆ ಚೆಲ್ಲಿದರೆ ಇವನಿಗೇನು ಗೊತ್ತಾಗುತ್ತದೆ? ಸಿಕಂದರ್ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದ. ಕಂಕುಳಲ್ಲಿದ್ದ ಬ್ಯಾಟರಿಯ ಬೆಳಕು ವಿಳಾಸದ ಮೇಲೆ ಬಿತ್ತು.

‘ಡಿಪೋ ಮ್ಯಾನೇಜರ್ ಸಾಹೇಬರಿಗೆ, ಕಳಿಸುವವರು: ಯಂಕಪ್ಪ, ಚಾಲಕ, ಕಲಬುರಗಿ–ಕಮಲಾಪುರ ರಾತ್ರಿ ಬಸ್ಸು’ ಎಂದಿದ್ದ ಆ ಲಕೋಟೆಯನ್ನು ಸಿಕಂದರ್ ಮೆಲ್ಲಗೆ ಡಬ್ಬಿಯೊಳಗೆ ಬಿಟ್ಟ.